ತುಂಬಿದ ಟ್ಯಾಂಕಿಯ ಹಸನ್ ಕುಂಞಿ

ಟ್ಯಾಂಕಿ ಅರ್ಧಕ್ಕೆ ಇಳಿದದ್ದನ್ನು ಕಂಡೂ ಸುಮ್ಮನೆ ಕೂರುವ ಜಾತಿಯವನಲ್ಲ ಹಸನ್ ಕುಂಞಿ. ಹುಟ್ಟಿದ್ದು ಹೆಜಮಾಡಿಯ ಕಡಲ ಬದಿಯಲ್ಲಿ. ಮಳೆಗಾಲದಲ್ಲಿ ಅಂಗಳಕ್ಕೇ ನುಗ್ಗುವ ನೀರು ಮಾರ್ಚ್ ದಾಟಿತೆಂದರೆ ಬಾವಿಯಲ್ಲಿ ಉಪ್ಪಾಗಿ ಕೂರುವ ಊರು ಅದು. ಅವನ ತಾಯಿ ಬೀಬಿ ತಲೆಯ ಮೇಲೊಂದು ಸೊಂಟದಲ್ಲೊಂದು ಕೊಡ ಹೊತ್ತು ಅರ್ಧ ಮೈಲಿಯಿಂದ ಸಿಹಿನೀರು ತರುತ್ತಿದ್ದಳು. ಹಂಡೆ ಬಾಯಿಮಟ್ಟ ತುಂಬಿದ ಮೇಲಷ್ಟೇ ಆಕೆ ಕಾಲು ಚಾಚಿ ಕೂರುತ್ತಿದ್ದದ್ದು. ಅದನ್ನು ನೋಡಿ ಬೆಳೆದವನಿಗೆ ಸೌದಿಯಲ್ಲೂ ನೀರಿನ ಕೆಲಸವೇ ಸಿಕ್ಕಿತು.

ತಬೂಕ್ ಪೇಟೆಯಿಂದ ಮೂರು ಗಂಟೆಯ ದಾರಿ, ಬೆಟ್ಟದ ನೆತ್ತಿಯಲ್ಲಿ ರಸ್ತೆ ಕಡಿಯುವ ಕಂಪನಿಯ ಕ್ಯಾಂಪು. ತಗಡಿನ ಕೋಣೆಗಳ ನಾಲ್ಕು ಸಾಲು, ಅರುವತ್ತು ಜನ, ಕಬ್ಬಿಣದ ಕಾಲುಗಳ ಮೇಲೆ ಆರು ಟ್ಯಾಂಕಿ, ಗೋಡೆಗುಂಟ ಹರಿದ ಪೈಪು. ದಿನ ಬಿಟ್ಟು ದಿನ ಕೆಳಗಿನಿಂದ ಟ್ಯಾಂಕರ್ ಲಾರಿ ಬರುತ್ತಿತ್ತು. ಆರೂ ಟ್ಯಾಂಕಿ ತುಂಬಿ ತುಳುಕುವ ತನಕ ಹಸನ್ ಕುಂಞಿ ಡ್ರೈವರನನ್ನು ಬಿಡುತ್ತಿರಲಿಲ್ಲ, ಆ ಡ್ರೈವರರ ಜೊತೆ ಜಗಳಾಡಿಯೇ ಅವನು ಅರಬಿ ಕಲಿತದ್ದು. ಐದು ವರ್ಷದಲ್ಲಿ ಒಂದು ದಿನವೂ ಕ್ಯಾಂಪಿನ ನಲ್ಲಿ ಬತ್ತಿರಲಿಲ್ಲ. ಆ ಬಗ್ಗೆ ಅವನಿಗೆ ಸ್ವಲ್ಪ ಜಂಬವೂ ಇತ್ತು, ಇರಲಿ ಬಿಡಿ, ಬೇರೆ ಯಾವ ಜಂಬಕ್ಕೂ ಆ ಬಡಪಾಯಿಗೆ ಗತಿ ಇರಲಿಲ್ಲ.

ಅವನನ್ನು ಅಲ್ಲಿಗೆ ಕರೆಸಿಕೊಂಡವನು ತಂಗಿ ಹಾಜರಾಳ ಗಂಡ ಅಬ್ದುಲ್ ಲತೀಫ್. ಕ್ಯಾಂಪಿನ ಗುಮಾಸ್ತ. ಟೆಲಿಫೋನು, ಹಾಜರಿ ಪುಸ್ತಕ, ಅರಬಿ ಮಾತು ಬಾರದವರ ಪರವಾಗಿ ಮಾತಾಡುವುದು, ಎಲ್ಲ ಅವನ ಕೈಯಲ್ಲಿ. ಇಸ್ತ್ರಿ ಹಾಕಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ನಾಲಿಗೆಯಲ್ಲಿ ಬೆಲ್ಲ. ಊರಿಂದ ಬಂದ ಕಾಗದವನ್ನು ಓದಿ ಹೇಳುವವನೂ ಅವನೇ, ಉತ್ತರ ಬರೆಯುವವನೂ ಅವನೇ. ಹಸನ್ ಕುಂಞಿಗೆ ಭಾವನೆಂದರೆ ಜೀವ.

ಆ ವರ್ಷ ಹಸನ್ ಕುಂಞಿ ಕಾಯುತ್ತಿದ್ದದ್ದು ಒಂದೇ ಒಂದಕ್ಕೆ. ಉಮ್ಮ, ಅಂದರೆ ತಾಯಿ ಬೀಬಿ, ಹಜ್ಜಿಗೆ ಬರುವವಳಿದ್ದಳು. ಕಣ್ಣಿಗೆ ಪೊರೆ ಬಂದು ನಾಲ್ಕು ಮಾರು ದೂರದ ಮುಖವೂ ಗುರುತು ಸಿಗದಾಕೆ. ಊರಿನ ತಂಡದ ಜೊತೆ ಜಿದ್ದಾ ತನಕ ಬಂದರೆ ಅಲ್ಲಿಂದ ಮುಂದೆ ಮಗ ಕೈಹಿಡಿದು ನಡೆಸಬೇಕು, ಹಾಗೆಂದು ನಿಶ್ಚಯವಾಗಿತ್ತು. ಕಂಪನಿ ಇಪ್ಪತ್ತು ದಿನದ ರಜೆಯನ್ನೂ ಒಪ್ಪಿತ್ತು. ತಾನು ಹೊತ್ತ ಕೊಡಗಳ ಲೆಕ್ಕ ಈ ಮಗ ಆ ಲಕ್ಷ ಜನರ ನಡುವೆ ತನ್ನ ಕೈ ಬಿಡದಿದ್ದರೆ ತೀರಿತು ಎಂದು ಉಮ್ಮ ಬರೆಸಿದ್ದಳು. ಆ ಕಾಗದವನ್ನು ಲತೀಫನೇ ಓದಿ ಹೇಳಿದ್ದ, ಓದುತ್ತಾ ಅವನ ಕಣ್ಣಲ್ಲೂ ನೀರು ಬಂದಿತ್ತು.

ಜನವರಿಯ ಒಂದು ಮಧ್ಯಾಹ್ನ ಆಕಾಶ ಬೂದಿ ಬಣ್ಣಕ್ಕೆ ತಿರುಗಿತು. ಗಾಳಿಯೆಂದರೆ ಕಿವಿ ಕಿತ್ತು ಹೋಗುವಂಥ ಗಾಳಿ. ನಾಳಿದ್ದಿನ ಟ್ಯಾಂಕರ್ ಮೇಲೆ ಹತ್ತುವುದು ಅನುಮಾನ ಎಂದು ಹಸನ್ ಕುಂಞಿಗೆ ಚಿಂತೆ ಹತ್ತಿತು. ಎಲೆಕ್ಟ್ರಿಷಿಯನ್ ನೋಣಯನನ್ನು, ಅವನು ಕಾಪು ಕಡೆಯವನು, ಒಂದೇ ಕೋಣೆಯ ಗೆಳೆಯ, ಜೊತೆಗೆ ಕರೆದುಕೊಂಡು ಆಫೀಸಿಗೆ ಹೋದ. ಲತೀಫ್ ಪಿಕಪ್ಪಿನ ಬೀಗದಕೈ ತಿರುಗಿಸುತ್ತಾ ಹೊರಗೆ ನಿಂತಿದ್ದ, ಕೆಳಗಿನ ಕ್ಯಾಂಪಿನಲ್ಲಿ ವಿಡಿಯೋ ಹಾಕುತ್ತಾರಂತೆ, ಅದಕ್ಕೆ ಹೊರಟವನು. ನೀರಿಗೆ ಎಂತ ಮಾಡುವುದು ಎಂದು ಕೇಳಿದರೆ ಅವನು ತಲೆ ಕೂಡ ಎತ್ತಲಿಲ್ಲ.

"ಎಲ್ಲ ಫುಲ್ ಮಾಡಿ ಇಡು ಭಾವ. ನಿನಗೆ ಇದನ್ನೂ ಹೇಳಿಕೊಡಬೇಕಾ?"

ಅದಕ್ಕೆ ಕಾಲು ಗಂಟೆ ಮೊದಲು ತಬೂಕ್ ಆಫೀಸಿನಿಂದ ಇಂಜಿನಿಯರ್ ಖಾಲಿದ್ ಫೋನು ಮಾಡಿದ್ದ. ಇವತ್ತು ರಾತ್ರಿ ಹಿಮ ಬೀಳುತ್ತದೆ, ಟ್ಯಾಂಕಿ ಪೈಪು ಎಲ್ಲ ಖಾಲಿ ಮಾಡಿಸು, ನೀರು ಗಟ್ಟಿಯಾದರೆ ಕಬ್ಬಿಣ ಒಡೆಯುತ್ತದೆ ಎಂದು ಎರಡು ಸಲ ಹೇಳಿದ್ದ. ಹೂಂ ಅಂದ ಲತೀಫನ ತಲೆಯಲ್ಲಿ ವಿಡಿಯೋ ಕುಣಿಯುತ್ತಿತ್ತು. ಮರೆತ. ನೋಡಿ, ಮರೆತದ್ದಕ್ಕೆ ನಾನು ಅವನನ್ನು ಬಯ್ಯುವುದಿಲ್ಲ. ಮರೆವು ಯಾರಿಗಿಲ್ಲ?

ಹಸನ್ ಕುಂಞಿ ಅವತ್ತಿನ ಟ್ಯಾಂಕರ್ ತಂದ ನೀರಿನಿಂದ ಕತ್ತಲಾಗುವ ಮೊದಲೇ ಆರೂ ಟ್ಯಾಂಕಿ ತುಂಬಿಸಿದ. ಪೈಪಿನಲ್ಲಿ ಗಾಳಿ ನಿಂತಿರಬಾರದೆಂದು ಒಂದೊಂದೇ ನಲ್ಲಿ ಬಿಟ್ಟು ನೋಡಿ ಬಿಗಿದ. ಮಂಜುಗಡ್ಡೆಯೆಂದರೆ ಅವನು ಕಂಡದ್ದು ಮೀನಿನ ಬುಟ್ಟಿಗೆ ಹಾಕುವುದನ್ನು. ಅದು ಕರಗುವುದು ಗೊತ್ತು, ಅದು ಹಿಗ್ಗಿ ಕಬ್ಬಿಣ ಸೀಳುವುದು ಕರಾವಳಿಯ ಯಾವ ಮಗನಿಗೆ ಗೊತ್ತು! ನೆಮ್ಮದಿಯಿಂದ ಮಲಗಿದ.

ಬೆಳಿಗ್ಗೆ ಬಾಗಿಲು ತಳ್ಳಿದರೆ ತೆರೆಯದು. ಮೊಣಕಾಲು ಮಟ್ಟ ಹಿಮ. ಅರುವತ್ತು ಗಡ್ಡ ಮೀಸೆಯ ಗಂಡಸರು ಮಕ್ಕಳ ಹಾಗೆ ಉಂಡೆ ಕಟ್ಟಿ ಎಸೆದರು, ಒಂದೇ ಕ್ಯಾಮೆರಾಕ್ಕೆ ಸಾಲು ನಿಂತು ಫೋಟೋ ತೆಗೆಸಿಕೊಂಡರು. ಆ ಸಂಭ್ರಮ ಇದ್ದದ್ದು ಚಾ ಕುಡಿಯಬೇಕೆನ್ನುವ ತನಕ. ನಲ್ಲಿ ತಿರುಗಿಸಿದರೆ ಒಂದು ಹನಿ ಇಲ್ಲ.

ಎರಡನೆಯ ದಿನ ಬಿಸಿಲು ಬಂತು, ನಿಜವಾದ ಗ್ರಹಚಾರ ಆಗ ಕಂಡಿತು. ಪೈಪುಗಳು ಉದ್ದಕ್ಕೂ ಸೀಳಿ ಹೋಗಿದ್ದವು. ನಾಲ್ಕು ಟ್ಯಾಂಕಿಯ ತಳ ಹೊಟ್ಟೆಯುಬ್ಬಿ ಬಿರಿದಿತ್ತು. ಕರಗಿದ ನೀರೆಲ್ಲ ಕೋಣೆಗಳಿಗೆ ನುಗ್ಗಿ ಹಾಸಿಗೆ, ಅಕ್ಕಿಚೀಲ, ಸಿಮೆಂಟು ಎಲ್ಲ ತೊಯ್ದು, ಸಂಜೆಗೆ ಮತ್ತೆ ನೆಲದ ಮೇಲೇ ಗಟ್ಟಿಯಾಯಿತು. ರಸ್ತೆ ಬಂದ್. ಕ್ಯಾಂಪಿನವರ ಬಾಯಿಗೆ ಹಿಡಿತವಿರಲಿಲ್ಲ, ಬೈದದ್ದೆಲ್ಲ ನೀರಿನವನಿಗೆ.

ಆ ನಾಲ್ಕು ದಿನ ಹಸನ್ ಕುಂಞಿ ನಿದ್ದೆ ಮಾಡಿದನೆಂದು ಯಾರೂ ಹೇಳಲಾರರು. ಬಿರಿಯಾನಿಯ ದೊಡ್ಡ ಚರಿಗೆಯಲ್ಲಿ ಹಿಮ ತುಂಬಿ ಒಲೆಗಿಡುವುದು, ಕರಗಿದರೆ ಅದು ಎರಡು ಚೊಂಬಿಗೂ ಸಾಲದು, ಮತ್ತೆ ತುಂಬುವುದು. ಕುಡಿಯಲಿಕ್ಕೆ ಇಷ್ಟು, ಅನ್ನಕ್ಕೆ ಇಷ್ಟು, ನಮಾಜಿನ ಮೊದಲು ಕೈಕಾಲು ತೊಳೆಯುವ ವುಝೂಗೆ ತಲೆಗೊಂದು ಲೋಟ. ನಡುವೆ ಒಡೆದ ಪೈಪಿಗೆ ಹಳೆಯ ಟೈರಿನ ರಬ್ಬರು ಸುತ್ತಿ ತಂತಿ ಬಿಗಿಯುವುದು. ಬೆರಳುಗಳು ಬಿರಿದು ರಕ್ತ ಸುರಿಯುತ್ತಿತ್ತು. ನೋಣಯ ತನ್ನ ಕೈಗವಸು ಕೊಟ್ಟರೆ, ತಂತಿ ಕೈಗೆ ಸಿಗುವುದಿಲ್ಲವೆಂದು ಅದನ್ನೂ ಹಾಕಲಿಲ್ಲ. ತನ್ನ ಟ್ಯಾಂಕಿ ಹೀಗೆ ಕೈಕೊಟ್ಟದ್ದು ಯಾಕೆಂದು ಅವನಿಗೆ ಅರ್ಥವೇ ಆಗಿರಲಿಲ್ಲ. ಲತೀಫನಿಗೆ ಚೆನ್ನಾಗಿ ಅರ್ಥವಾಗಿತ್ತು. ಅವನು ಆಫೀಸಿನ ಬಾಗಿಲು ಹಾಕಿಕೊಂಡು ಹೊರಗೇ ಬರುತ್ತಿರಲಿಲ್ಲ.

ಐದನೆಯ ದಿನ ಬುಲ್ಡೋಜರಿನ ಹಿಂದೆ ಖಾಲಿದ್ ಬಂದ. ಸೌಮ್ಯ ಮನುಷ್ಯ. ಒಡೆದದ್ದನ್ನೆಲ್ಲ ಸುತ್ತಿ ನೋಡಿ, ಊಟದ ಶೆಡ್ಡಿನಲ್ಲಿ ಕೂತು ಇಬ್ಬರನ್ನೂ ಕರೆಸಿದ. ನಾನು ಹೇಳಿದ್ದನ್ನು ಇವನಿಗೆ ಹೇಳಿದ್ದೆಯಾ ಎಂದು ಲತೀಫನನ್ನು ಅರಬಿಯಲ್ಲಿ ಕೇಳಿದ.

ಹೇಳಿದ್ದೆ ಎಂದ ಲತೀಫ್. ನಾಲ್ಕು ಗಂಟೆಗೇ ಹೇಳಿದ್ದೆ, ಎಲ್ಲ ಖಾಲಿ ಮಾಡು ಎಂದು ಸ್ಪಷ್ಟವಾಗಿ ಹೇಳಿದ್ದೆ, ನನ್ನ ಹೆಂಡತಿಯ ಅಣ್ಣನಾದರೂ ಸುಳ್ಳು ಹೇಳಲಾರೆ, ಇವನು ಮಹಾ ಹಟಮಾರಿ, ಯಾರ ಮಾತೂ ಕೇಳುವುದಿಲ್ಲ. ನಿಂತ ನಿಲುವಿನಲ್ಲಿ, ಒಂದು ಕಡೆಯೂ ತಡವರಿಸದೆ ಹೇಳಿದ. ಹೇಳಿ ಮುಗಿಸಿ, ಅದೇ ಬೆಲ್ಲದ ನಾಲಿಗೆಯಲ್ಲಿ ಇತ್ತ ತಿರುಗಿದ.

"ಭಾವ, ಚಳಿ ಜೋರಿತ್ತು, ಯಾರದ್ದೂ ತಪ್ಪಿಲ್ಲ ಅಂತ ಹೇಳಿದ್ದೇನೆ. ನೀನು ಹೌದು ಅಂತ ತಲೆಯಾಡಿಸು, ಸಾಕು."

ಟ್ಯಾಂಕರ್ ಡ್ರೈವರರ ಜೊತೆ ಐದು ವರ್ಷ ಜಗಳಾಡಿದವನಿಗೆ ಅರಬಿ ಬಾರದೆಂದು ಲತೀಫ್ ತಿಳಿದಿದ್ದ. ಹಸನ್ ಕುಂಞಿಗೆ ಪ್ರತಿಯೊಂದು ಮಾತೂ ತಿಳಿದಿತ್ತು. ಖಾಲಿದ್ ತನ್ನ ಮುಖವನ್ನೇ ನೋಡುತ್ತಿದ್ದಾನೆ, ಬಾಯಿ ತೆರೆದರೆ ಸಾಕು. ತೆರೆದರೆ ಲತೀಫನನ್ನು ಅಲ್ಲಿಂದಲೇ ಊರಿಗಟ್ಟುತ್ತಾರೆ. ಹಾಜರಾ, ಅವಳ ಮೂರು ಹೆಣ್ಣುಮಕ್ಕಳು, ಗೋಡೆ ಎದ್ದು ಮಾಡು ಇನ್ನೂ ಏಳದ ಅವಳ ಮನೆ. ಇಲ್ಲ, ಇವನ ತಲೆಯಲ್ಲಿ ಏನೋ ಉಪಾಯ ಇರಬೇಕು, ಆಮೇಲೆ ಸರಿ ಮಾಡುತ್ತಾನೆ ಎಂದುಕೊಂಡ. ತಲೆಯಾಡಿಸಿದ.

ಹೊರಗೆ ಬಂದ ಮೇಲೆ ನೋಣಯನಿಗೆ ಎಲ್ಲ ಹೇಳಿದ. ನೋಣಯ ಕೆಂಡವಾದ. ಫುಲ್ ಮಾಡು ಅಂದದ್ದನ್ನು ಕಿವಿಯಾರೆ ಕೇಳಿದವನು ತಾನಿದ್ದೇನೆ, ಈಗಲೇ ಹೋಗಿ ಹೇಳುತ್ತೇನೆ ಎಂದು ಹೊರಟವನ ತೋಳನ್ನು ಹಸನ್ ಕುಂಞಿ ಗಟ್ಟಿಯಾಗಿ ಹಿಡಿದ. "ಬೇಡ ಮಾರಾಯ. ನನ್ನ ತಂಗಿಯ ಅನ್ನ ಅದು." ಎಂಥ ಪೆದ್ದ ನೋಡಿ! ಲತೀಫ್ ನೆಚ್ಚಿಕೊಂಡಿದ್ದದ್ದೂ ಆ ಪೆದ್ದುತನವನ್ನೇ.

ಆ ಸಂಜೆಯೇ ಅವನು ಲತೀಫನ ಕೋಣೆಗೆ ಹೋಗಿ, ತನಗೆ ಅರಬಿ ತಿಳಿಯುತ್ತದೆ ಎಂದಷ್ಟೇ ಹೇಳಿದ. ಲತೀಫನ ಮುಖ ಬಿಳಿಚಿತು. ಮರುಗಳಿಗೆಯಲ್ಲಿ ಕೈ ಹಿಡಿದುಕೊಂಡ. ನಿನಗಾದರೆ ಒಂದು ಎಚ್ಚರಿಕೆಯ ಕಾಗದ ಅಷ್ಟೆ, ನನಗಾದರೆ ಹೊಟ್ಟೆಗೇ ಕಲ್ಲು, ಒಂದು ತಿಂಗಳು ಬಿಡು, ತಬೂಕ್‌ಗೆ ಹೋಗಿ ನಾನೇ ಎಲ್ಲ ಸರಿ ಮಾಡುತ್ತೇನೆ, ಅಲ್ಲಾಹನಾಣೆ ಎಂದ. ಹಸನ್ ಕುಂಞಿ ನಂಬಿದ. ಬೇರೆ ಯಾರಾದರೂ ಆಗಿದ್ದರೆ ನಂಬುತ್ತಿರಲಿಲ್ಲವೇನೋ, ಭಾವನಲ್ಲವೇ.

ಮಾರ್ಚಿನಲ್ಲಿ ಕಾಗದ ಬಂತು. ಹಸನ್ ಕುಂಞಿಯನ್ನು ದೂರದ ಅಲ್ ಖರ್ಜ್ ಪೇಟೆಯ ವರ್ಕ್‌ಶಾಪಿಗೆ ಹಾಕಲಾಗಿದೆ, ಒಂದು ವರ್ಷ ಯಾವ ರಜೆಯೂ ಇಲ್ಲ. ಲತೀಫ್ ಅದನ್ನು ಓದಿ ಹೇಳಿದ, ಪ್ರಯತ್ನ ಮಾಡಿದೆ ಭಾವ, ಆಗಲಿಲ್ಲ ಎಂದ. ಪ್ರಯತ್ನವನ್ನೇ ಮಾಡಿಲ್ಲವೆಂದು ಆಫೀಸಿಗೆ ಹೋಗಿ ಬಂದವರು ಯಾರೋ ನೋಣಯನಿಗೆ ಹೇಳಿದ್ದರು. ಖಾಲಿದನ ಮೇಜಿಗೆ ಲತೀಫ್ ಕೊಟ್ಟ ಅರ್ಜಿ ಒಂದೇ ಒಂದು, ಅದು ತನ್ನ ರಜೆಯ ಅರ್ಜಿ.

ಆ ರಜೆ ಏಕೆಂದು ಹಸನ್ ಕುಂಞಿಗೆ ಗೊತ್ತಾದದ್ದು ಅಲ್ ಖರ್ಜಿನಲ್ಲಿ, ಊರಿಂದ ಬಂದವರು ತಂದುಕೊಟ್ಟ ಕ್ಯಾಸೆಟ್ಟಿನಲ್ಲಿ. ಉಮ್ಮ ಮಾತಾಡಿ ಕಳಿಸಿದ್ದಳು. ನಿನಗೆ ರಜೆ ಸಿಗಲಿಲ್ಲವಂತೆ ಮಗಾ, ಬೇಸರ ಮಾಡಬೇಡ, ಲತೀಫ್ ತಾನು ಊರಿಗೆ ಬರುವುದನ್ನೇ ಬಿಟ್ಟು ನನ್ನನ್ನು ಹಜ್ಜು ಮಾಡಿಸುತ್ತಾನಂತೆ, ಅಳಿಯನೆಂದರೆ ಮಗನೇ ಅಲ್ಲವಾ, ಅಂಥ ಅಳಿಯ ಯಾರಿಗುಂಟು ಎಂದು ಹೇಳಿ ಸಂತೋಷದಿಂದ ಅತ್ತಿದ್ದಳು. ಹಸನ್ ಕುಂಞಿ ಟೇಪನ್ನು ನಿಲ್ಲಿಸಿದ. ಕೆಲಸ ಕಿತ್ತುಕೊಂಡದ್ದನ್ನು ಅವನು ನುಂಗಿಕೊಂಡಿದ್ದ. ಉಮ್ಮನ ಕೈಯನ್ನೂ ಕಿತ್ತುಕೊಂಡದ್ದು ಗಂಟಲಲ್ಲಿ ಇಳಿಯಲಿಲ್ಲ.

ಅಲ್ ಖರ್ಜಿನಲ್ಲಿ ಅವನಿಗೆ ಲಾರಿ ತೊಳೆಯುವ ಕೆಲಸ. ಟ್ಯಾಂಕಿಯ ಹತ್ತಿರ ಸುಳಿಯಬಾರದೆಂದು ಫೋರ್‌ಮನ್ ಮೊದಲ ದಿನವೇ ಎಲ್ಲರೆದುರು ಹೇಳಿದ್ದ, ತಬೂಕ್ ಕ್ಯಾಂಪನ್ನು ಒಡೆದವನೆಂದು ಹೆಸರೂ ಬಂದಿತ್ತು. ಆಗಸ್ಟಿನ ಸುಡುಬಿಸಿಲಿನಲ್ಲಿ ಹಜ್ಜ್ ಹತ್ತಿರ ಬಂತು. ಎರಡೇ ದಿನ ಜಿದ್ದಾಕ್ಕೆ ಹೋಗಿ ಉಮ್ಮನ ಮುಖ ನೋಡಿ ಬರುತ್ತೇನೆ, ಪ್ರಯಾಣದ ಕಾಗದಕ್ಕೆ ಕೆಲಸ ಕೊಟ್ಟ ಒಡೆಯ ಕಫೀಲನ ಸೀಲು ಹಾಕಿಸಿಕೊಡಿ ಎಂದು ಆಫೀಸಿನ ಬಾಗಿಲಲ್ಲಿ ಮೂರು ಸಲ ನಿಂತ. ಮೂರು ಸಲವೂ ಇಲ್ಲ ಎಂದರು. ಆ ಕಾಗದವಿಲ್ಲದೆ ಊರು ದಾಟಿದರೆ ಚೆಕ್‌ಪೋಸ್ಟಿನಲ್ಲಿ ಹಿಡಿದು ಜೈಲು. ಒಂದೇ ದೇಶದಲ್ಲಿ ತಾಯಿ, ಮಗ, ನಡುವೆ ಒಂದು ಸೀಲು.

ಶುಕ್ರವಾರ ಸಂಜೆಯ ಅಸರ್ ನಮಾಜು ಮುಗಿದಿತ್ತು, ಆಫೀಸಿನಿಂದ ಕೂಗಿ ಕರೆದರು. ಜಿದ್ದಾದಿಂದ ಫೋನು, ಅಲ್ಲಿನ ಶರಫಿಯಾ ಪೇಟೆಯ ಟೆಲಿಫೋನ್ ಅಂಗಡಿಯಿಂದ. ಹಿಂದಿನಿಂದ ಜನರ ಗಲಾಟೆ, ನಡುವೆ ಉಮ್ಮನ ಸ್ವರ. ಐದು ವರ್ಷದಿಂದ ಕ್ಯಾಸೆಟ್ಟಿನಲ್ಲಷ್ಟೇ ಕೇಳಿದ ಸ್ವರ ಬರೀ ಮಗಾ ಮಗಾ ಎನ್ನುತ್ತಿತ್ತು.

ಹಜ್ಜಿಗೆ ಹೊರಟವರು ತಾವು ನೋಯಿಸಿದವರಲ್ಲಿ ಮಾಫ್ ಕೇಳಬೇಕು, ಮನುಷ್ಯರು ಮನ್ನಿಸದ್ದನ್ನು ಮೇಲಿನವನೂ ಮನ್ನಿಸುವುದಿಲ್ಲ ಎಂಬ ನಂಬಿಕೆ. ಉಮ್ಮ ಊರಿನಲ್ಲಿ ಮನೆ ಮನೆಗೂ ಹೋಗಿ ಕೇಳಿ ಬಂದಿದ್ದಳಂತೆ, ಉಳಿದವನು ಮಗನೊಬ್ಬ. ಚಿಕ್ಕವನಿದ್ದಾಗ ಹೊಡೆದದ್ದು, ಹಸಿದಾಗ ಅನ್ನ ಇಕ್ಕಲಾಗದೆ ಮಲಗಿಸಿದ್ದು, ಎಲ್ಲ ಮಾಫ್ ಮಾಡು ಎಂದಳು. ಹಸನ್ ಕುಂಞಿ ಗೋಡೆಗೆ ಹಣೆ ಒತ್ತಿಕೊಂಡು, ಎಂತ ಮಾತು ಉಮ್ಮಾ, ಮಾಡಿದೆ ಎಂದ.

"ಇನ್ನೊಂದುಂಟು ಮಗಾ. ಲತೀಫ್ ಇಲ್ಲೇ ನಿಂತಿದ್ದಾನೆ, ಮಗುವಿನ ಹಾಗೆ ಅಳ್ತಾ ಇದ್ದಾನೆ. ನೀನು ಮಾಫ್ ಮಾಡದೆ ಅವನು ಹಜ್ಜಿನ ಬಿಳಿಬಟ್ಟೆ ಇಹ್ರಾಮ್ ಕಟ್ಟುವುದಿಲ್ಲವಂತೆ. ಎಂತಕ್ಕೆ ಅಂತ ಕೇಳಿದರೆ ಹೇಳುವುದಿಲ್ಲ, ಭಾವನಿಗೆ ಗೊತ್ತುಂಟು ಅಂತಾನೆ. ಅವನು ಕಟ್ಟದಿದ್ದರೆ ನನ್ನನ್ನು ಯಾರು ಕರಕೊಂಡು ಹೋಗುವುದು? ಎಂತ ಆಯಿತು ನಿಮ್ಮೊಳಗೆ?"

ಅವನಿಗೇ ಫೋನು ಕೊಡಿ ಎಂದ ಹಸನ್ ಕುಂಞಿ. ಉಮ್ಮ ಆ ಕಡೆ ತಿರುಗಿ ಹೇಳುವುದು ಕೇಳಿಸಿತು. ಬರುವುದಿಲ್ಲವಂತೆ, ನೀವೇ ಕೇಳಿ ಎಂದು ಕೈಮುಗಿಯುತ್ತಿದ್ದಾನಂತೆ.

ಅಂದರೆ ಇಲ್ಲಿಯೂ ಅವನು ಮುಂದೆ ಬರುವುದಿಲ್ಲ. ಆವತ್ತು ಹಾಜರಾಳ ಅನ್ನದ ಹಿಂದೆ ಅಡಗಿದವನು ಇವತ್ತು ಉಮ್ಮನ ಹಿಂದೆ. ಹಸನ್ ಕುಂಞಿಗೆ ಮೈಯೆಲ್ಲ ಉರಿಯಿತು. ಇಂಥವನ ಕೈ ಹಿಡಿಯಬೇಡಿ ಉಮ್ಮಾ ಎಂದು ಕೂಗಬೇಕೆನಿಸಿತು, ನಾಲಿಗೆಯ ತುದಿಗೆ ಬಂದಿತ್ತು. ಕೂಗಿದರೆ ಉಮ್ಮ ಖಂಡಿತ ಕೈ ಕೊಡವುತ್ತಾಳೆ, ಅವಳ ಸ್ವಭಾವ ಅವನಿಗೆ ಗೊತ್ತಿಲ್ಲವೇ. ಕೊಡವಿದ ಮೇಲೆ? ಕಣ್ಣು ಕಾಣದ ಮುದುಕಿ, ಲಕ್ಷಾಂತರ ಜನ, ಮಗ ಸಾವಿರ ಕಿಲೋಮೀಟರು ದೂರದಲ್ಲಿ ಲಾರಿ ತೊಳೆಯುತ್ತಾ.

"ನಮ್ಮೊಳಗೆ ಎಂತದ್ದೂ ಇಲ್ಲ ಉಮ್ಮಾ," ಎಂದ ಅವನು. "ಮಾಫ್ ಮಾಡಿದ್ದೇನೆ ಅಂತ ಹೇಳಿ. ಮನಸಾರೆ ಮಾಡಿದ್ದೇನೆ ಅಂತ ಹೇಳಿ."

ಉಮ್ಮ ದೊಡ್ಡ ಸ್ವರದಲ್ಲಿ ಅದನ್ನು ಹಾಗೆಯೇ ಆ ಕಡೆಗೆ ಹೇಳಿದಳು. ಅಲ್‌ಹಮ್ದುಲಿಲ್ಲಾ ಎಂದು ಲತೀಫ್ ಬಿಕ್ಕುವುದು ಫೋನಿನಲ್ಲಿ ಚೆನ್ನಾಗಿ ಕೇಳಿಸಿತು. ಆಮೇಲೆ ಲೈನು ಕಟ್ಟಾಯಿತು.

ಹುಟ್ಟಿದಂದಿನಿಂದ ಹಸನ್ ಕುಂಞಿ ಉಮ್ಮನಿಗೆ ಹೇಳಿದ ಸುಳ್ಳು ಅದೊಂದೇ. ಅದನ್ನು ನಂಬಿಕೊಂಡು ಅವಳು ಲತೀಫನ ಕೈ ಹಿಡಿದು ಹಜ್ಜಿನ ಅರಫಾತ್ ಬಯಲಿಗೆ ಹೋದಳು.