ಹಿಮದ ನಾಡಿನಲ್ಲಿ ಕುರಿ ತರುಬಿದ್ದು

ನಾನು ಜಗಳೂರಿನ ಮನೆಯಲ್ಲಿ ಕೂತು ವಿಡಿಯೊ ಗೇಮಿಗೆ ಊರುಗಳ ಚಿತ್ರ ಬರೆಯುವವಳು. ಊರು ಎಂದರೆ ನಮ್ಮ ಕಡೆಯದಲ್ಲ. ಮಾಟಗಾರರು, ಬೆಂಕಿಯುಗುಳುವ ಡ್ರ್ಯಾಗನ್‌ಗಳು ಓಡಾಡುವ ಕಲ್ಪನೆಯ ರಾಜ್ಯ. ಆದರೆ ಕಲ್ಪನೆಗೂ ಒಂದು ವಿಳಾಸ ಬೇಕಲ್ಲ, ಅದು ಯಾವಾಗಲೂ ಯುರೋಪಿನದೇ. ಕಡಿದಾದ ಚಾವಣಿ, ಹೊಗೆ ಚಿಮಣಿ, ಗಾಳಿಗಿರಣಿ, ಗಂಟೆಗೋಪುರ, ಬಾಗಿಲ ಮೇಲೆ ಮರದ ಫಲಕ ತೂಗುವ ಹೆಂಡದಂಗಡಿ, ಹಿಂದೆ ಹಿಮದ ಬೆಟ್ಟ. ಹಿಮವನ್ನು ನಾನು ಕಂಡಿದ್ದು ಫ್ರಿಜ್ಜಿನಲ್ಲಿ ಮಾತ್ರ. ಆದರೂ ಹಳೆಯ ಚಿತ್ರಗಳನ್ನು ಹುಡುಕಿ ಹುಡುಕಿ, ಯಾವ ದೇಶದ ಕಿಟಕಿ ಯಾವ ಥರ ಎಂದು ನಿದ್ದೆಯಲ್ಲೂ ಹೇಳುವಷ್ಟು ಕಲಿತಿದ್ದೆ. ಅದರ ಬಗ್ಗೆ ಜಂಬವೂ ಇತ್ತು.

ಹೋದ ವರ್ಷ ಮೊದಲ ದೊಡ್ಡ ಕೆಲಸ ಸಿಕ್ಕಿತು, ಇಡೀ ಒಂದು ಹಳ್ಳಿ. ಎರಡು ಸಲ ಬರೆದು ಕಳಿಸಿದೆ, ಎರಡು ಸಲವೂ ವಾಪಸ್ ಬಂತು. ಚಿತ್ರ ಒಪ್ಪಬೇಕಾದ ಮುಖ್ಯಸ್ಥರು ಫೋನಿನಲ್ಲಿ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುತ್ತಿದ್ದರು. ಚೆನ್ನಾಗಿದೆ, ಆದರೆ ಯಾರೂ ಬದುಕುತ್ತಿರುವ ಹಾಗೆ ಕಾಣುವುದಿಲ್ಲ ಎಂದರು. ಮೂರನೆಯದೂ ಸರಿಹೋಗದಿದ್ದರೆ ಹಳ್ಳಿಯನ್ನು ಬೇರೆಯವರಿಗೆ ಕೊಡುತ್ತೇವೆ ಎಂಬುದನ್ನು ಮಾತ್ರ ಸ್ಪಷ್ಟವಾಗಿ ಹೇಳಿದರು. ನನಗೆ ಅಳು ಬರುವಷ್ಟು ಸಿಟ್ಟು ಬಂತು.

ಅಪ್ಪ ಕುರಿ ಕಾಯುವವನು. ಮೆಕ್ಕೆಜೋಳದ ಕಟಾವು ಮುಗಿದ ಮೇಲೆ ಮಂದೆ ಹೊಡೆದುಕೊಂಡು ಚನ್ನಗಿರಿ ಕಡೆ ಹೊರಟರೆ, ತ್ಯಾವಣಿಗೆಯ ಹೊಲಗಳ ತನಕ ಹೋಗಿ ಬರುತ್ತಾನೆ. ನಾನು ಮೂರನೆಯ ಸಲ ಬರೆಯುತ್ತಿದ್ದ ವಾರ ಕಾಲಿಗೆ ಮುಳ್ಳು ಹೊಕ್ಕು ಕೀವಾಗಿ, ಮಂದೆಯನ್ನು ಚಿಕ್ಕಪ್ಪನಿಗೆ ಒಪ್ಪಿಸಿ ಮನೆಯಲ್ಲಿದ್ದ. ಸುಮ್ಮನೆ ಕೂರಲು ಬಾರದ ಮನುಷ್ಯ. ಒಂದು ಮಧ್ಯಾಹ್ನ ನನ್ನ ಹಿಂದೆ ಬಂದು ನಿಂತು ಬಹಳ ಹೊತ್ತು ಪರದೆ ನೋಡಿದ. ಮನೆಗಳ ಸುತ್ತ ಕೊಯ್ಲಾದ ಗೋಧಿ ಹೊಲ ಬರೆದಿದ್ದೆ, ದೂರದ ಗುಡ್ಡದ ಮೇಲೆ ಅಂದಕ್ಕೆಂದು ನಾಲ್ಕಾರು ಬಿಳಿ ಕುರಿ ಚೆಲ್ಲಿದ್ದೆ.

“ಈ ಕುರಿ ರಾತ್ರಿ ಎಲ್ಲಿ ಮಲಗ್ತಾವವ್ವ?” ಎಂದ.

ಅದು ಆಟ ಅಪ್ಪಾ, ಅಲ್ಲಿ ಕುರಿ ಮಲಗುವುದಿಲ್ಲ ಎಂದು ಸಿಡುಕಿದೆ. ಅಪ್ಪ ಬಿಡಲಿಲ್ಲ.

“ಹೊಲ ಬರಿದಾಗಿ ಬಿದ್ದೈತೆ, ಕುರಿ ನೋಡಿದ್ರೆ ಗುಡ್ಡದ ಮ್ಯಾಲೆ. ಗೊಬ್ಬರ ಹೆಂಗೆ ಬೀಳ್ತೈತೆ? ಇವ್ರು ಕುರಿ ತರುಬಲ್ವಾ?”

ಕೊಯ್ಲಾದ ಹೊಲದಲ್ಲಿ ರಾತ್ರಿ ಮಂದೆ ಕೂಡಿಹಾಕಿ ಹಿಕ್ಕೆ, ಗಂಜಲ ಬೀಳಿಸುವುದಕ್ಕೆ ನಮ್ಮಲ್ಲಿ ಕುರಿ ತರುಬುವುದು ಎನ್ನುತ್ತಾರೆ. ಸುತ್ತ ತಡಿಕೆ ಕಟ್ಟಿ, ಮರುದಿನ ಪಕ್ಕಕ್ಕೆ ಸರಿಸಿ, ಹೀಗೇ ಇಡೀ ಹೊಲ ಮುಗಿಸುತ್ತಾರೆ. ಅಪ್ಪನ ಬಾಯಿ ಮುಚ್ಚಿಸಲೆಂದೇ ಹುಡುಕಿದೆ. ಇಂಗ್ಲೆಂಡಿನ ಹಳೆಯ ಬೇಸಾಯದ ಪುಸ್ತಕವೊಂದರಲ್ಲಿ ಅದೇ ತಡಿಕೆ, ಅದೇ ಮಂದೆ, ದಿನಕ್ಕೊಮ್ಮೆ ಸರಿಸುವ ಅದೇ ಕ್ರಮ. ಇಷ್ಟು ದಿನ ಕಿಟಕಿ ಎಣಿಸಿದವಳಿಗೆ, ಆ ಊರಿನವರು ಹೊಟ್ಟೆಗೆ ಏನು ಮಾಡುತ್ತಿದ್ದರು ಎಂದು ಕೇಳಬೇಕೆನ್ನಿಸಿರಲೇ ಇಲ್ಲ. ಅಪ್ಪನಿಗೆ ತೋರಿಸಿದರೆ ಅವನಿಗೇನೂ ಆಶ್ಚರ್ಯವಾಗಲಿಲ್ಲ. ಕುರಿ ಎಲ್ಲಾ ದೇಶದಲ್ಲೂ ಹಿಕ್ಕೆ ಹಾಕುತ್ತದಲ್ಲ ಎಂದ.

ಎರಡು ದಿನ ಅಪ್ಪ ಪಕ್ಕದಲ್ಲಿ ಕೂತು ಹೇಳಿದ, ನಾನು ಬರೆದೆ. ತಡಿಕೆ ಹೆಗಲ ಮೇಲೆ ಹೊತ್ತವನು ಹೇಗೆ ವಾಲಿಕೊಂಡು ನಡೆಯುತ್ತಾನೆ, ನಾಯಿ ಎಲ್ಲಿ ಮಲಗುತ್ತದೆ, ನಿನ್ನೆ ಮಂದೆ ಕೂತಿದ್ದ ನೆಲದ ಬಣ್ಣ ಹೇಗಿರುತ್ತದೆ. ಆ ಬಣ್ಣವನ್ನು ನನ್ನ ಕೈಲಿ ಮೂರು ಸಲ ಬದಲು ಮಾಡಿಸಿದ. ಕಳಿಸಿದ ಮರುದಿನವೇ ಮುಖ್ಯಸ್ಥರ ಫೋನು ಬಂತು. ಈಗ ಹಳ್ಳಿಗೆ ಜೀವ ಬಂದಿದೆ, ಮುಂದಿನ ಊರುಗಳೂ ನಿಮಗೇ ಎಂದರು. ಇದೆಲ್ಲ ಎಲ್ಲಿ ಸಿಕ್ಕಿತು ಎಂದು ಕೇಳಿದರು. ಒಂದು ಹಳೆಯ ಇಂಗ್ಲಿಷ್ ಪುಸ್ತಕದಲ್ಲಿ ಎಂದು ಹೇಳಿಬಿಟ್ಟೆ.

ಫೋನು ಇಟ್ಟು ತಿರುಗಿದರೆ ಅಪ್ಪ ಅಲ್ಲೇ ಕಾಲಿನ ಪಟ್ಟಿ ಬಿಚ್ಚುತ್ತ ಕೂತಿದ್ದ. ಮಾತು ಕನ್ನಡದಲ್ಲೇ ನಡೆದಿತ್ತು. ನನಗೆ ಮುಖ ಎತ್ತಲಾಗಲಿಲ್ಲ. ತಪ್ಪಾಯ್ತಪ್ಪ, ಈಗಲೇ ಮತ್ತೆ ಫೋನು ಮಾಡಿ ಹೇಳುತ್ತೇನೆ ಎಂದೆ.

“ಪುಸ್ತಕ ಅಂತಾನೇ ಇರ್ಲಿ ಬಿಡವ್ವ,” ಎಂದ. “ಕುರಿ ಕಾಯೋನು ಹೇಳ್ದ ಅಂದ್ರೆ ಯಾರ್ ನಂಬ್ತಾರೆ?”

ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಹೈಸ್ಕೂಲಿನಿಂದ ಇಲ್ಲಿಯ ತನಕ, ಅಪ್ಪ ಏನು ಮಾಡುತ್ತಾನೆ ಎಂದು ಯಾರು ಕೇಳಿದರೂ ವ್ಯವಸಾಯ ಎಂದೇ ಹೇಳಿಕೊಂಡು ಬಂದಿದ್ದೆ. ಅದು ಅವನಿಗೆ ಮೊದಲಿನಿಂದಲೂ ತಿಳಿದಿತ್ತು ಎಂದು ನನಗೆ ಆಗ ಗೊತ್ತಾಯಿತು. ಅವನ ಎದುರಿಗೇ ಮತ್ತೆ ಫೋನು ಮಾಡಿದೆ.

“ಸರ್, ಪುಸ್ತಕದಲ್ಲಿ ಅಲ್ಲ. ನಮ್ಮಪ್ಪ ಹೇಳ್ಕೊಟ್ಟಿದ್ದು. ನಮ್ಮಪ್ಪ ಕುರಿ ಕಾಯ್ತಾನೆ.”