ನಾಗಿಯ ಹೆಸರಿನ ಮುಂದಿನ ನಕ್ಷತ್ರಗಳು

ಬೆಳಗಿನ ಆರು ಗಂಟೆ. ಅಂಕೋಲಾ ತಾಲೂಕಿನ ಮೀನುಗಾರರ ಕೇರಿಯೊಂದರ ದಡದಲ್ಲಿ ಶಾಲೆಯ ಅಕ್ಕೋರು ಮಂದಾಕಿನಿ ನಾಯಕ ಸೀರೆ ಎತ್ತಿಕಟ್ಟಿ, ಮೀನುಬುಟ್ಟಿಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಾರೆ. ಎದುರಿಗೆ ಹದಿಮೂರರ ನಾಗಿ. ಬಂಗಡೆ ವಿಂಗಡಿಸುವ ಕೈ ನಿಲ್ಲಿಸದೆ, ಅಕ್ಕೋರು ಹಿಡಿದ ಪುಸ್ತಕದಲ್ಲಿ ಕಣ್ಣಿಟ್ಟು ಅಕ್ಷರ ಕೂಡಿಸುತ್ತಿದ್ದಾಳೆ. ತಾಯಿ ತಿಮ್ಮಿ ಬುಟ್ಟಿ ತಲೆಗೇರಿಸಿ, ಮಗಳನ್ನು ಕರೆದುಕೊಂಡು ಪೇಟೆಗೆ ಹೊರಡುವವರೆಗೆ ಮಾತ್ರ ಈ ಪಾಠ. ಹೆಚ್ಚೆಂದರೆ ಇಪ್ಪತ್ತು ನಿಮಿಷ.

ಭಾವಿಕೇರಿಯ ಮಂದಾಕಿನಿ ಇಲ್ಲಿನ ಕಿರಿಯ ಪ್ರಾಥಮಿಕ ಶಾಲೆಗೆ ಶಿಕ್ಷಕಿಯಾಗಿ ಬಂದು ಒಂಬತ್ತು ವರ್ಷವಾಯಿತು. ಒಂದೇ ಕೋಣೆ, ಮೂವತ್ತೊಂದು ಮಕ್ಕಳು, ಅಕ್ಕೋರು ಒಬ್ಬರೇ. ಎಲ್ಲರನ್ನೂ ಓದಿಸಿ ಕೇಳಲು ಹೊತ್ತು ಸಾಲದೆ, ಬಂದ ಮರುವರ್ಷ, 2000ದಲ್ಲಿ, ಅವರೊಂದು ಪದ್ಧತಿ ತಂದರು. ಶನಿವಾರ ಮಕ್ಕಳು ನಾಲ್ವರಂತೆ ಗುಂಪಾಗಿ ಕೂರಬೇಕು. ತನಗೇನು ಬಂತು, ಏನು ಬರಲಿಲ್ಲ ಎಂದು ತಾನೇ ಹೇಳಬೇಕು. ಉಳಿದ ಮೂವರು ಓದಿಸಿ ನೋಡಿ ಒಪ್ಪಿದರೆ ಗೋಡೆಯ ಪಟ್ಟಿಯಲ್ಲಿ ನಕ್ಷತ್ರ. ಅಂಜುಬುರುಕ ಮಕ್ಕಳೂ ಬಾಯಿಬಿಟ್ಟರು. ತಾಲೂಕಿನಿಂದ ಬಂದ ಅಧಿಕಾರಿಗಳು ಬೆನ್ನು ತಟ್ಟಿ ಹೋದರು, ಮತ್ತೆ ಬರಲಿಲ್ಲ.

ನಾಗಿಯ ಹೆಸರಿನ ಮುಂದೆ ವಾರ ತಪ್ಪದೆ ನಕ್ಷತ್ರ ಬೀಳುತ್ತಿತ್ತು. ಐದನೇ ತರಗತಿ ಮುಗಿಸಿ ಪೇಟೆಯ ಶಾಲೆಗೆ ಹೋದ ವಾರವೇ ಅಲ್ಲಿ ಎದ್ದುನಿಂತು ಓದಲು ಹೇಳಿದರು. ಒಂದು ಸಾಲೂ ಬರಲಿಲ್ಲ. ತರಗತಿಯೆಲ್ಲ ನಕ್ಕಿತು. ಮರುದಿನದಿಂದ ಅವಳು ಶಾಲೆಯ ಕಡೆ ತಲೆಹಾಕಲಿಲ್ಲ.

ಸುದ್ದಿ ತಿಳಿದ ಮಂದಾಕಿನಿ, ನಾಗಿಯ ಗುಂಪಿನಲ್ಲಿದ್ದ ಸಪ್ನಾಳನ್ನು ಕರೆಸಿ, ಓದಲು ಬಾರದವಳಿಗೆ ನಕ್ಷತ್ರ ಕೊಟ್ಟಿದ್ದೇಕೆ ಎಂದು ಕೇಳಿದರು. ಆ ಹುಡುಗಿಗೆ ತಪ್ಪೇನೆಂದೇ ಅರ್ಥವಾಗಲಿಲ್ಲ. “ಅವ್ಳೂ ನಮ್ ಸಂಗ್ತಿಗೆ ಕೂತಿದ್ಲಲ್ರಾ ಅಕ್ಕೋರೇ? ಯೆಂಡಿ ಬಲೆ ಎಳೂವಾಗೂ ಹಗ್ಗ ಹಿಡ್ದವ್ರಿಗೆಲ್ಲ ಮೀನಿನ ಪಾಲು ಕೊಡ್ತಾರಲ್ಲಾ.”

ಊರೆಲ್ಲ ದಡದಲ್ಲಿ ನಿಂತು ಎಳೆಯುವ ಬಲೆಯ ನ್ಯಾಯವದು, ಬಲವಿಲ್ಲದವರೂ ಬರಿಗೈಯಲ್ಲಿ ಮನೆಗೆ ಹೋಗಬಾರದು. ಮಕ್ಕಳು ಕೊಟ್ಟದ್ದು ಪ್ರೀತಿಯನ್ನೇ. ಅದನ್ನು ನೆನೆದಷ್ಟೂ, ಇವರ ಬಗ್ಗೆ ಬರೆಯಲು ಬಂದ ನನಗೆ ಸಂಕಟವಾಗುತ್ತದೆ.

“ಮಕ್ಕಳ ತಪ್ಪಲ್ಲ,” ಎನ್ನುತ್ತಾರೆ ಮಂದಾಕಿನಿ. “ನಾ ಗೋಡೆ ನೋಡ್ದೆ, ನಾಗಿನ್ನ ನೋಡ್ಲಿಲ್ಲ. ಒಂದ್ಸಲ ಹತ್ರ ಕೂರ್ಸ್ಕಂಡು ಓದ್ಸಿದ್ರೆ ಗೊತ್ತಾಗ್ತಿತ್ತು.” ಶನಿವಾರದ ಗುಂಪುಗಳು ಈಗಲೂ ಕೂರುತ್ತವೆ. ಅಕ್ಕೋರು ಪ್ರತಿ ಗುಂಪಿನಲ್ಲೂ ಐದನೆಯವರಾಗಿ ಕೂರುತ್ತಾರೆ, ಮನೆಗೆ ಹೋಗುವ ಬಸ್ಸು ತಪ್ಪಿದರೂ ಸರಿ.

ನಾಗಿ ಶಾಲೆಗೆ ಮರಳುವುದಿಲ್ಲ ಎಂದು ಇಬ್ಬರಿಗೂ ಗೊತ್ತು. ಎರಡು ವರ್ಷದ ಬೆಳಗುಗಳಲ್ಲಿ ಮೂರನೇ ತರಗತಿಯ ಪುಸ್ತಕ ಅರ್ಧವಾಗಿದೆ. “ಬೋರ್ಡು ಓದಿ ಒಬ್ಳೇ ಕಾರವಾರ ಬಸ್ ಹತ್ತೂವಷ್ಟಾದ್ರೂ ಸಾಕು,” ಎನ್ನುತ್ತಾರೆ ಅಕ್ಕೋರು.

ಒತ್ತಕ್ಷರವೊಂದರ ಎದುರು ನಾಗಿ ತಡವರಿಸುತ್ತಾಳೆ. ಅಕ್ಕೋರು ಹೇಳಿಕೊಡುವುದಿಲ್ಲ, ಕಾಯುತ್ತಾರೆ.

“ಇದ್ ನಂಗೆ ಬರೂದಿಲ್ಲ,” ಎನ್ನುತ್ತಾಳೆ ನಾಗಿ ಕೊನೆಗೆ.

ಮಂದಾಕಿನಿ ನನ್ನತ್ತ ತಿರುಗುತ್ತಾರೆ. “ಇದೊಂದ್ ಮಾತು ಐದ್ ವರ್ಷ ನನ್ ಕ್ಲಾಸಲ್ಲಿ ಹೇಳುಕೆ ಆಗ್ಲಿಲ್ಲ ನೋಡಿ ಈ ಹುಡ್ಗಿಗೆ.”