ಹನ್ನೆರಡು ಊರಿನ ಚುಕ್ಕಿಗಳು

ಅಚ್ಚುಮನೆಯಲ್ಲಿ ಪುಟ ಜೋಡಿಸುವ ಆಕೆಯನ್ನು ಎಲ್ಲರೂ ಚುಕ್ಕಿ ಅಕ್ಕ ಎಂದೇ ಕರೆಯುತ್ತಿದ್ದರು. ಆ ಸೀಮೆಯ ಲಿಪಿಯಲ್ಲಿ ಊರ ಹೆಸರಿನ ಮೊದಲಕ್ಷರಗಳದೊಂದು ಜಂಬ, ತಲೆಯ ಮೇಲೆ ಚುಕ್ಕಿ ಇಲ್ಲದೆ ಹೊರಗೆ ಕಾಲಿಡುತ್ತಿರಲಿಲ್ಲ. ಬರಹದ ಪುಟದಲ್ಲಿ ಕಂಪ್ಯೂಟರ್ ಅವುಗಳ ಮರ್ಯಾದೆ ಕಾಯುತ್ತಿತ್ತು. ಅಂಕಿಅಂಶದ ಕಚೇರಿಯಿಂದ ಬರುವ ಗ್ರಾಫುಗಳಲ್ಲಿ ಮಾತ್ರ ಚುಕ್ಕಿಗಳೆಲ್ಲ ದಾರಿಯಲ್ಲೇ ಉದುರಿ, ಊರುಗಳ ಹೆಸರು ಬೋಳುತಲೆಯಲ್ಲಿ ಬಂದು ನಿಲ್ಲುತ್ತಿತ್ತು.

ಅಕ್ಕ ಅದಕ್ಕೊಂದು ಉಪಾಯ ಕಂಡುಕೊಂಡಿದ್ದಳು. ಗಡಿಯಾರ ರಿಪೇರಿ ಮಾಡುವ ಗಂಡನ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ಗ್ರಾಫಿನ ಚಿತ್ರದ ಮೇಲೆ ಒಂದೊಂದೇ ಚುಕ್ಕಿಯನ್ನು ತಂದು ಕೂರಿಸುವುದು. ಇದು ಅಚ್ಚುಮನೆಯ ಯಜಮಾನರಿಗೆ ಗೊತ್ತಿರಲಿಲ್ಲ. ಎಲ್ಲ ಕಂಪ್ಯೂಟರೇ ಮಾಡುತ್ತದೆಂದು ಅವರು ನಂಬಿದ್ದರು, ಅವಳೂ ನಂಬಲು ಬಿಟ್ಟಿದ್ದಳು.

ಈ ಸಲ ಗ್ರಂಥಾಲಯಗಳ ವರದಿ ಬಂದಾಗ ಯಜಮಾನರು ಮೊದಲೇ ಎಚ್ಚರಿಸಿದ್ದರು: “ನೋಡಮ್ಮ, ಇದರಲ್ಲಿ ಒಂದೇ ಒಂದು ತಪ್ಪು ಸಿಕ್ಕಿದ್ರೂ ಮುಂದಿನ ಕೆಲಸ ಹೊರಗೆ ಕೊಡ್ತೀನಿ. ನೀನು ಮನೇಲಿ ಆರಾಮಾಗಿರಬಹುದು.”

ಆರಾಮಾಗಿರುವುದೆಂದರೆ ಅಕ್ಕನಿಗೆ ಜೀವ ಹೋದಂತೆ. ಇಪ್ಪತ್ತಾರು ವರ್ಷದಿಂದ ಕೂತ ಕುರ್ಚಿ ಅದು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಪುಟ ಜೋಡಿಸಿದಳು. ಕೊನೆಯ ಗಳಿಗೆಯಲ್ಲಿ ಒಂದು ಗ್ರಾಫಿಗೆ ತಲೆಬರಹ ಬಿಟ್ಟುಹೋಗಿದ್ದು ಕಂಡು, ಜಾಗ ಮಾಡಲು ಗ್ರಾಫನ್ನು ನಾಲ್ಕು ಬೆರಳು ಕೆಳಗೆ ಸರಿಸಿ, ಕರಡನ್ನು ಆ ಕಚೇರಿಗೆ ಕಳಿಸಿಬಿಟ್ಟಳು.

ಮೂರನೇ ದಿನ ಅಂಕಿಅಂಶದ ಕಚೇರಿಯ ಮುಖ್ಯಸ್ಥರೇ ಬಂದರು. ಅಚ್ಚಾದದ್ದು ಯಾವುದನ್ನೂ ಅನುಮಾನಿಸದ ಮನುಷ್ಯ. ಕೈಯಲ್ಲಿ ಹೊಸದಾಗಿ ಬರೆದ ನಾಲ್ಕು ಹಾಳೆ.

“ನಮ್ಮ ಗುಮಾಸ್ತರು ಗಮನಿಸೇ ಇಲ್ಲ ನೋಡಿ,” ಎಂದು ಯಜಮಾನರ ಮುಂದೆ ಗ್ರಾಫು ಹರಡಿದರು. “ಊರು ಊರಿಗೂ ಪುಸ್ತಕ ಒಯ್ಯೋರ ಸಂಖ್ಯೆ ಬೇರೆ. ಆದ್ರೆ ಒಂದು ವರ್ಷ ಹನ್ನೆರಡೂ ಊರಲ್ಲಿ ಸರಿಸಮ. ವರ್ಷಕ್ಕೆ ಊರಿಗೊಂದು ಚುಕ್ಕಿ ಅಲ್ವಾ, ಈ ಸಾಲು ನೋಡಿ, ದಾರ ಹಿಡಿದ ಹಾಗಿದೆ. ಓದಿನಲ್ಲಿ ಸಮಾನತೆ ಅಂತ ಒಂದು ಅಧ್ಯಾಯವನ್ನೇ ಬರೆದಿದ್ದೀನಿ.”

ಅಕ್ಕ ಕತ್ತು ಚಾಚಿ ನೋಡಿದಳು. ಗ್ರಾಫು ಕೆಳಗೆ ಸರಿದಿತ್ತು, ಅವಳ ಚುಕ್ಕಿಗಳು ಸರಿದಿರಲಿಲ್ಲ. ಗ್ರಾಫಿನ ಬುಡದಲ್ಲಿ ಊರ ಹೆಸರಿನ ನೆತ್ತಿಯ ಮೇಲಿರಬೇಕಾದವು ಹಿಂದೆಯೇ ಉಳಿದು, ಗ್ರಾಫಿನ ನಡುವೆ ಓದುಗರಾಗಿ ಕೂತಿದ್ದವು.

ಬಾಯಿ ಬಿಟ್ಟರೆ ಕುರ್ಚಿ ಹೋಗುತ್ತದೆ. ಬಿಡದಿದ್ದರೆ ಹನ್ನೆರಡು ಊರಿನ ಬಗ್ಗೆ ಸುಳ್ಳು ಅಚ್ಚಾಗುತ್ತದೆ, ಅದೂ ಅವಳ ಕೈಯಿಂದ. ಸುಮ್ಮನಿರೋಣವೆಂದು ಅಕ್ಕ ಪರದೆಯ ಕಡೆ ತಿರುಗಿಕೊಂಡಳು. ಅಷ್ಟರಲ್ಲಿ ಮುಖ್ಯಸ್ಥರು ಆ ಅಧ್ಯಾಯವನ್ನು ಗಟ್ಟಿಯಾಗಿ ಓದತೊಡಗಿದರು. ಎರಡನೇ ಹಾಳೆಯವರೆಗೆ ಅವಳು ಹೇಗೋ ತಡೆದುಕೊಂಡಳು.

“ಸಾರ್, ಅವು ಓದೋರಲ್ಲ,” ಎಂದಳು. “ನನ್ನ ಚುಕ್ಕಿಗಳು. ಊರ ಹೆಸರಿನ ಮೇಲೆ ನಾನೇ ಕೈಯಾರೆ ಇಟ್ಟಿದ್ದು. ಸರಿಸೋವಾಗ ಮರೆತುಬಿಟ್ಟೆ.”

ಯಜಮಾನರ ಮುಖ ಕೆಂಪಾಯಿತು. “ಕೈಯಾರೆ ಇಡ್ತೀಯಾ? ಇಷ್ಟು ವರ್ಷಾನೂ?”

ಮುಖ್ಯಸ್ಥರು ಮೆಲ್ಲಗೆ ನಾಲ್ಕು ಹಾಳೆಯನ್ನೂ ಮಡಚಿ ಜೇಬಿಗಿಟ್ಟುಕೊಂಡರು.

“ನಮ್ಮ ಕಚೇರೀಲಿ ಹತ್ತೊಂಬತ್ತು ಜನ ಇದನ್ನ ಓದಿದ್ರು,” ಎಂದರು. “ಹತ್ತೊಂಬತ್ತು ಜನಾನೂ ಅದ್ಭುತ ಅಂದ್ರು.” ಯಜಮಾನರ ಕಡೆ ತಿರುಗಿದರು. “ಮುಂದಿನ ವರದೀನೂ ಇವರೇ ಮಾಡ್ಲಿ. ಇಲ್ಲದಿದ್ರೆ ನಾನು ಬೇರೆ ಅಚ್ಚುಮನೆ ನೋಡ್ಕೋತೀನಿ.”

ಯಜಮಾನರು ಹೂಂ ಎಂದು ತಲೆಯಾಡಿಸಿದರು. ಅಕ್ಕನ ಕಣ್ಣು ಮಂಜಾಯಿತು. ಒರೆಸಿಕೊಳ್ಳಲು ಕಣ್ಣಿಗಿದ್ದ ಭೂತಗನ್ನಡಿ ತೆಗೆದಳು.

ಮುಖ್ಯಸ್ಥರು ಅದನ್ನು ಇಸಿದುಕೊಂಡು ಗ್ರಾಫಿನ ಮೇಲೆ ಬಗ್ಗಿದರು. ಈಗ ಅವರಿಗೆ ಎಲ್ಲದರ ಮೇಲೂ ಅನುಮಾನ. ಮೂಲೆಯಲ್ಲಿ ಒಂಟಿಯಾಗಿದ್ದ ಒಂದು ಚುಕ್ಕಿಯ ಮೇಲೆ ಬೆರಳಿಟ್ಟು ಕೇಳಿದರು, “ಇದು ನಿಮ್ದಾ, ನಮ್ದಾ?”

ಅಕ್ಕ ಉಗುರಿನಿಂದ ಕೆರೆದು ನೋಡಿದಳು.

“ಇಬ್ಬರದೂ ಅಲ್ಲ ಸಾರ್. ನೊಣದ್ದು.”